ಸಿಂಬಳ, ಹಕ್ಕಳೆ, ಕಬಡ್ಡಿ: ಚಿಕ್ಕ ಮಕ್ಕಳಿಗೆ ಅಂಟುರೋಗದ ಪಾಠ ಹೀಗೆ ಮಾಡಿ ನೋಡಿ

ಈ ಪಾಠವನ್ನು ಮೊದಲ ಸಲ ಮಾಡಿದಾಗ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ರೋಗ ಹೇಗೆ ಹರಡುತ್ತೆ ಅಂತ ತೋರಿಸಲು ಒಬ್ಬ ಹುಡುಗನ ಕೈಗೆ ಬಣ್ಣದ ಪುಡಿ ಹಚ್ಚಿ, ಎಲ್ಲರ ಕೈ ಕುಲುಕಿ ಬಾ ಅಂದೆ. ಅವನನ್ನೇ ಯಾಕೆ ಕರೆದೆ ಅಂದರೆ ಅವನಿಗೆ ಸದಾ ನೆಗಡಿ, ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದ, ಪಾಠ ಚೆನ್ನಾಗಿ ನಾಟುತ್ತೆ ಅಂದುಕೊಂಡೆ. ನಾಟಿತು. ಮುಂದಿನ ಎರಡು ವಾರ ಇಡೀ ಕ್ಲಾಸು ಅವನನ್ನು ‘ಕೀಟಾಣು’ ಅಂತಲೇ ಕರೆಯಿತು. ಬಿಸಿಯೂಟದ ಸಾಲಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ತಟ್ಟೆ ಹಿಡಿದು ಕಂಬದ ಹತ್ತಿರ ಹೋಗಿ ಒಬ್ಬನೇ ಉಣ್ಣುತ್ತಿದ್ದ.

ಅಂದಿನಿಂದ ನನ್ನ ನಿಯಮ ಒಂದೇ. ಈ ಪಾಠದಲ್ಲಿ ರೋಗಾಣುವಿನ ಪಾತ್ರ ಯಾವ ಮಗುವಿಗೂ ಸಿಗಬಾರದು. ಬಣ್ಣ ಹಚ್ಚಿಕೊಳ್ಳುವುದು ನಾನು. ಕೆಮ್ಮುವುದು ನಾನು. ಕೆಳಗಿರುವುದೆಲ್ಲ ಈ ನಿಯಮದ ಸುತ್ತಲೇ ಇದೆ.

ಎರಡನೇ ಕ್ಲಾಸಿನಿಂದ ಐದನೇ ಕ್ಲಾಸಿನ ತನಕ ಇದು ನಡೆಯುತ್ತೆ. ದಿನಕ್ಕೆ ಒಂದು ಪೀರಿಯಡ್, ಎರಡು ವಾರ. ಬೇಕಾದ ಸಾಮಾನು ಅಂಥದ್ದೇನಿಲ್ಲ: ಬಣ್ಣದ ಸೀಮೆಸುಣ್ಣ, ಸ್ವಲ್ಪ ಕೊಬ್ಬರಿ ಎಣ್ಣೆ, ಸೋಪು, ಒಂದು ಸ್ಪ್ರೇ ಬಾಟಲಿ, ಹಳೆ ಪೇಪರು, ಒಂದು ನಿಂಬೆಹಣ್ಣು, ನಾಲ್ಕು ಕಾಳು ರಾಗಿ, ಒಂದು ಲೋಟ ಹಾಲು. ಮತ್ತೆ ಕಬಡ್ಡಿ ಆಡುವಷ್ಟು ಅಂಗಳ.

ಹಂತ 1: ಮೊದಲು ಅವರ ಮಾತು ಕೇಳಿ

‘ನಿಮಗೆ ಹೋದ ಸಲ ಯಾಕೆ ಜ್ವರ ಬಂತು?’ ಅಂತ ಕೇಳಿ. ಬಂದ ಉತ್ತರವನ್ನೆಲ್ಲ ಬೋರ್ಡ್ ಮೇಲೆ ಬರೆಯಿರಿ. ಮಳೆಯಲ್ಲಿ ನೆನೆದೆ, ಐಸ್ ಕ್ಯಾಂಡಿ ತಿಂದೆ, ದೃಷ್ಟಿ ಆಯ್ತು, ಹುಣಸೆಮರದ ಹತ್ತಿರ ಹೋಗಿದ್ದೆ, ಅಮ್ಮ ಬಂದಿದ್ದಳು, ಅಜ್ಜಿ ಮಾತು ಕೇಳಲಿಲ್ಲ. ನಗಬೇಡಿ, ತಿದ್ದಬೇಡಿ. ಆ ಕೊನೆಯ ಉತ್ತರದ ಮೇಲೆ ಮಾತ್ರ ಕಣ್ಣಿಡಿ. ಆರೇಳು ವರ್ಷದ ಮಕ್ಕಳಲ್ಲಿ ಬಹಳ ಮಂದಿ ಕಾಯಿಲೆ ಅಂದರೆ ತಾನು ಮಾಡಿದ ತಪ್ಪಿಗೆ ಸಿಕ್ಕ ಶಿಕ್ಷೆ ಅಂತ ನಂಬಿರುತ್ತಾರೆ. ಅದನ್ನು ನಾವೇ ಗಟ್ಟಿ ಮಾಡುತ್ತೇವೆ, ‘ನೋಡಿದ್ಯಾ, ಹೇಳಿದ್ ಮಾತು ಕೇಳ್ಲಿಲ್ಲ, ಅನುಭವಿಸು’ ಅಂತ. ಈ ಬೋರ್ಡಿನ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ, ಎರಡು ವಾರ ಆದಮೇಲೆ ಬೇಕಾಗುತ್ತೆ.

‘ಅಮ್ಮ’ನ ವಿಷಯ ಬಂದಾಗ ಹುಷಾರು. ಚಿಕನ್ ಪಾಕ್ಸ್ ಬಂದ ಮನೆಯಲ್ಲಿ ಬೇವಿನ ಸೊಪ್ಪು ಹಾಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಮಗುವನ್ನು ಹೊರಗೆ ಬಿಡುವುದಿಲ್ಲ. ಅದರಲ್ಲಿ ಕೊನೆಯದಂತೂ ಡಾಕ್ಟರೂ ಹೇಳುವ ಮಾತೇ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಅದು ಬೇರೆಯವರಿಗೆ ಅಂಟುತ್ತೆ, ಹಾಗಾಗಿ ಮನೆಯಲ್ಲಿರುವುದೇ ಸರಿ. ‘ನಿಮ್ಮಜ್ಜಿ ನಿನ್ನ ಮನೇಲಿ ಇಟ್ಕೊಂಡಿದ್ದು ಒಳ್ಳೇದಾಯ್ತು’ ಅಂತ ಅಲ್ಲಿಂದ ಶುರು ಮಾಡಿ, ಆಮೇಲೆ ಇದನ್ನು ತರುವುದು ಒಂದು ವೈರಸ್ ಅನ್ನಿ. ದೇವರ ಜೊತೆ ಜಗಳಕ್ಕೆ ನಿಂತರೆ ಮಗು ಸಂಜೆ ಮನೆಗೆ ಹೋಗಿ ಅಜ್ಜಿಯನ್ನೇ ನಂಬುತ್ತೆ. ನಾನಾಗಿದ್ದರೂ ಅಜ್ಜಿಯನ್ನೇ ನಂಬುತ್ತಿದ್ದೆ.

ಹಂತ 2: ಎಷ್ಟು ಚಿಕ್ಕದು?

ಟಿವಿ ಜಾಹೀರಾತು ನೋಡಿ ಮಕ್ಕಳ ತಲೆಯಲ್ಲಿ ಕೀಟಾಣು ಅಂದರೆ ಹಲ್ಲು ಕಿರಿಯುವ ಹಸಿರು ರಾಕ್ಷಸ. ಕೆಲವರಿಗೆ ಕಾಲಿರುವ ಹುಳ. ಇದನ್ನು ಸರಿ ಮಾಡದೆ ಮುಂದೆ ಹೋದರೆ ‘ನಂಗೆ ಕಾಣ್ತಿಲ್ಲ, ಅಂದ್ರೆ ಕೈ ಕ್ಲೀನು’ ಅನ್ನುವ ವಾದ ಕೊನೆಯ ತನಕ ಬೆನ್ನು ಬಿಡುವುದಿಲ್ಲ.

ಒಂದು ರಾಗಿ ಕಾಳನ್ನು ಅಂಗೈ ಮೇಲೆ ಇಡಿ. ಫ್ಲೂ ಜ್ವರದ ವೈರಸ್ ಇಷ್ಟು ದಪ್ಪ ಆಯಿತು ಅಂದುಕೊಳ್ಳಿ. ಆಗ ಒಂದು ಬ್ಯಾಕ್ಟೀರಿಯಾ ನಿಂಬೆಹಣ್ಣಿನಷ್ಟಾಗುತ್ತೆ. ಈಗ ಒಂದು ತಲೆಕೂದಲು ಕಿತ್ತು ತೋರಿಸಿ, ಇದು ಎಷ್ಟಾಗಬಹುದು ಅಂತ ಕೇಳಿ. ಬಾಲಿನಷ್ಟು, ಕುಂಬಳಕಾಯಿಯಷ್ಟು ಅನ್ನುತ್ತಾರೆ. ಕ್ಲಾಸಿನ ಒಂದು ಮಗುವನ್ನು ಎದ್ದು ನಿಲ್ಲಿಸಿ. ಕೂದಲಿನ ಬರೀ ದಪ್ಪವೇ, ಉದ್ದ ಅಲ್ಲ, ಹತ್ತಿರ ಹತ್ತಿರ ಈ ಮಗುವಿನ ಎತ್ತರದಷ್ಟಾಗುತ್ತೆ. ಲೆಕ್ಕ ಸುಲಭ: ವೈರಸ್ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ, ಬ್ಯಾಕ್ಟೀರಿಯಾ ಸಾವಿರದಲ್ಲಿ ಒಂದೆರಡು ಭಾಗ, ಕೂದಲು ಸಾವಿರದಲ್ಲಿ ಎಪ್ಪತ್ತು ಎಂಬತ್ತು ಭಾಗ. ಮೂರನ್ನೂ ಹದಿನೈದು ಸಾವಿರ ಪಟ್ಟು ದೊಡ್ಡದು ಮಾಡಿದ್ದೇವೆ ಅಷ್ಟೇ. ಐದನೇ ಕ್ಲಾಸಿನವರಿಗೆ ಈ ಲೆಕ್ಕವನ್ನೇ ಕೊಡಬಹುದು. ಚಿಕ್ಕವರಿಗೆ ರಾಗಿ, ನಿಂಬೆಹಣ್ಣು, ಮಗು, ಇಷ್ಟು ಸಾಕು.

ಅದೇ ದಿನ ಸಂಜೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಹೆಪ್ಪು ಹಾಕಿ ಕ್ಲಾಸಿನಲ್ಲೇ ಇಟ್ಟು ಹೋಗಿ. ಬೆಳಿಗ್ಗೆ ನೋಡಿದರೆ ಮೊಸರು. ಇದನ್ನು ಮಾಡಿದ್ದೂ ಬ್ಯಾಕ್ಟೀರಿಯಾನೇ. ದೋಸೆ ಹಿಟ್ಟು ಉಬ್ಬಿ ಪಾತ್ರೆಯಿಂದ ಆಚೆ ಬರುವುದೂ ಇಂಥವುಗಳ ಕೆಲಸವೇ. ಎಲ್ಲ ಸೂಕ್ಷ್ಮಜೀವಿಯೂ ಕೆಟ್ಟದ್ದಲ್ಲ ಅನ್ನುವುದು ಮೊದಲೇ ತಲೆಗೆ ಹೋಗಿರಬೇಕು. ಇಲ್ಲದಿದ್ದರೆ ಕೆಲವು ಮಕ್ಕಳು ಹೆದರಿಕೊಂಡು ಮಣ್ಣು ಮುಟ್ಟುವುದನ್ನೇ ಬಿಡುತ್ತಾರೆ. ನನ್ನ ಕ್ಲಾಸಿನ ಒಬ್ಬಳು ಪುಸ್ತಕವನ್ನೂ ತೊಳೆಯಲು ಹೋಗಿದ್ದಳು.

ಹಂತ 3: ಹರಡುವ ದಾರಿ

ಬಣ್ಣದ ಸೀಮೆಸುಣ್ಣವನ್ನು ಕುಟ್ಟಿ ಪುಡಿ ಮಾಡಿ. ನಿಮ್ಮ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಅದರ ಮೇಲೆ ಪುಡಿ ಹಚ್ಚಿಕೊಳ್ಳಿ. ಏನೂ ಹೇಳದೆ ದಿನದ ಕೆಲಸ ಶುರು ಮಾಡಿ. ಹಾಜರಿ ತೆಗೆದುಕೊಳ್ಳಿ, ಇಬ್ಬರ ಕೈ ಕುಲುಕಿ, ಪೆನ್ಸಿಲ್ ಕೊಡಿ, ಬಾಗಿಲು ತೆಗೆಯಿರಿ, ಬಿಂದಿಗೆಯಿಂದ ಲೋಟದಲ್ಲಿ ನೀರು ತುಂಬಿಸಿ. ಹದಿನೈದು ನಿಮಿಷ ಆದಮೇಲೆ ‘ಯಾರ್ಯಾರ ಕೈಯಲ್ಲಿ ಬಣ್ಣ ಇದೆ?’ ಅಂತ ಕೇಳಿ. ಹೋದ ವರ್ಷ ಒಬ್ಬನ ಕಿವಿಯ ಹಿಂದೆ ಇತ್ತು, ಅವನ ಪಕ್ಕದವಳ ಟಿಫಿನ್ ಡಬ್ಬಿಯ ಮೇಲೂ ಇತ್ತು. ಬಣ್ಣ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಅವರೇ ಪತ್ತೆದಾರಿ ಮಾಡಲಿ. ಕೊನೆಗೆ ಎಲ್ಲ ದಾರಿಯೂ ಮಿಸ್ ಕೈಗೇ ಬಂದು ನಿಲ್ಲುತ್ತೆ, ಆಗ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಆ ನಗು ಬೇಕು.

ಆಮೇಲೆ ನಲ್ಲಿಯ ಹತ್ತಿರ ಹೋಗಿ. ಮೊದಲು ಬರೀ ನೀರು. ಎಣ್ಣೆ ಇರುವುದರಿಂದ ಬಣ್ಣ ಸರಿಯಾಗಿ ಹೋಗುವುದಿಲ್ಲ. ಆಮೇಲೆ ಸೋಪು ಹಾಕಿ ಇಪ್ಪತ್ತು ಸೆಕೆಂಡ್, ಬೆರಳ ಸಂದಿ, ಉಗುರು, ಹೆಬ್ಬೆರಳು ಸೇರಿಸಿ ಉಜ್ಜಲಿ. ಸೋಪು ಎಣ್ಣೆಯನ್ನು ಬಿಡಿಸುತ್ತೆ. ಫ್ಲೂ, ಕೊರೊನಾದಂಥ ವೈರಸ್‌ಗಳ ಮೈಮೇಲೂ ಒಂದು ಜಿಡ್ಡಿನ ಪದರ ಇರುತ್ತೆ, ಸೋಪು ಅದನ್ನೇ ಒಡೆದು ಹಾಕುತ್ತೆ. ಬೇರೆ ರೋಗಾಣುಗಳು ಸಾಯದಿದ್ದರೂ ಕೈಯಿಂದ ಬಿಟ್ಟು ನೀರಿನ ಜೊತೆ ಹರಿದು ಹೋಗುತ್ತವೆ.

ಇಲ್ಲಿ ಎರಡು ಮಾತು. ಅರಿಶಿನ ಬಳಸಬೇಡಿ. ನಾನು ಒಂದು ಸಲ ಬಳಸಿದೆ. ಸೋಪು ಹಾಕಿದರೂ ಹಳದಿ ಕಲೆ ಹೋಗಲೇ ಇಲ್ಲ, ಸೋಪಿನಿಂದ ಏನೂ ಆಗಲ್ಲ ಅಂತ ಇಡೀ ಕ್ಲಾಸು ಕಲಿತು ಮನೆಗೆ ಹೋಯಿತು. ಎರಡನೆಯದು, ತಟ್ಟೆಯ ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಸೋಪಿನ ಬೆರಳು ಇಟ್ಟರೆ ಪುಡಿ ಓಡಿಹೋಗುವ ವಿಡಿಯೋ ನೀವೆಲ್ಲ ನೋಡಿರುತ್ತೀರಿ. ನೋಡಲು ಚೆಂದ. ಆದರೆ ಅದು ನೀರಿನ ಮೇಲ್ಮೈ ಎಳೆತದ ಆಟ. ರೋಗಾಣುಗಳು ಸೋಪು ನೋಡಿ ಹೆದರಿ ಓಡುವುದಿಲ್ಲ. ಅದನ್ನು ನೋಡಿದ ಮಗು ಸೋಪಿಗೆ ಬೆರಳ ತುದಿ ತಾಗಿಸಿ ‘ಆಯ್ತು ಮಿಸ್’ ಅನ್ನುತ್ತೆ. ನಾನದನ್ನು ಬಿಟ್ಟುಬಿಟ್ಟಿದ್ದೇನೆ.

ಕೆಮ್ಮಿಗೆ ಸ್ಪ್ರೇ ಬಾಟಲಿ. ನೀರಿಗೆ ಸ್ವಲ್ಪ ಬಣ್ಣ ಬೆರೆಸಿ. ನೆಲದ ಮೇಲೆ ಹಳೆ ಪೇಪರು ಹಾಸಿ, ಬಾಯಿಯ ಮಟ್ಟದಲ್ಲಿ ಬಾಟಲಿ ಹಿಡಿದು ‘ಆಕ್ಷೀ’ ಅಂತ ಒತ್ತಿ. ಹನಿಗಳು ಎಲ್ಲಿಯ ತನಕ ಹೋದವು ಅಂತ ಅವರೇ ಸ್ಕೇಲಿನಲ್ಲಿ ಅಳೆಯಲಿ. ಆಮೇಲೆ ಬಾಟಲಿಯ ಮುಂದೆ ಮಡಚಿದ ಮೊಣಕೈ ಇಟ್ಟು ಒತ್ತಿ. ಹೊಸ ಪೇಪರು ಬಹುತೇಕ ಹಾಗೇ ಇರುತ್ತೆ. ಇನ್ನೂ ಸಣ್ಣ ಕಣಗಳು ಗಾಳಿಯಲ್ಲೇ ತೇಲುತ್ತವೆ ಅನ್ನುವುದಕ್ಕೆ ನಮ್ಮ ಹೆಂಚಿನ ಮಾಡಿನ ಶಾಲೆಗಿಂತ ಒಳ್ಳೆ ಪ್ರಯೋಗಶಾಲೆ ಬೇರೆ ಇಲ್ಲ. ಹೆಂಚಿನ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಅದರಲ್ಲಿ ಧೂಳು ಆಡುವುದನ್ನು ತೋರಿಸಿ. ಕಿಟಕಿ ತೆರೆದರೆ ಅದು ಹೇಗೆ ಸರಿದು ಹೋಗುತ್ತೆ ಅಂತ ನೋಡಲಿ. ದಡಾರ, ಕ್ಷಯ ಎರಡೂ ಹೀಗೆ ಗಾಳಿಯಲ್ಲೇ ಬರುವಂಥವು.

ಸೊಳ್ಳೆಗೆ ಅರ್ಧ ಗಂಟೆ ಶಾಲೆ ಸುತ್ತ ಒಂದು ಸುತ್ತು ಹೊಡೆಸಿ. ಎಳನೀರಿನ ಬುರುಡೆ, ಟಯರು, ಒಡೆದ ಬಕೆಟ್ಟು, ಎಲ್ಲಿ ನೀರು ನಿಂತಿದೆ ನೋಡಿ. ಡೆಂಗಿ ತರುವ ಸೊಳ್ಳೆ ಹಗಲಲ್ಲೇ ಕಚ್ಚುತ್ತೆ, ಕಾಲಿನ ಮೇಲೆ ಬಿಳಿ ಪಟ್ಟೆ ಇರುತ್ತೆ, ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲುವುದು. ಮಲೆನಾಡಿನ ಶಾಲೆಯಾದರೆ ಉಣುಗಿನ ಮಾತನ್ನೂ ಸೇರಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಬರುವುದು ಆ ಪುಟ್ಟ ಉಣುಗು ಕಚ್ಚಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ದೊಡ್ಡವರಿಗೆ ಹೇಳಬೇಕು ಅನ್ನುವುದು ಅಲ್ಲಿನ ಮಕ್ಕಳಿಗೆ ಗೊತ್ತಿರಲೇಬೇಕು.

ಹಂತ 4: ಮೈಯ ಕೋಟೆ

ಇದು ಮಕ್ಕಳಿಗೆ ತುಂಬ ಇಷ್ಟವಾಗುವ ದಿನ, ಯಾಕೆಂದರೆ ಇವತ್ತು ಸಿಂಬಳ, ಗುಗ್ಗೆ, ಕೀವಿನ ಬಗ್ಗೆ ಜೋರಾಗಿ ಮಾತಾಡಬಹುದು. ಮಂಡಿ ತರಚಿದವರು ಯಾರು ಅಂತ ಕೇಳಿ. ಅರ್ಧ ಕ್ಲಾಸು ಪ್ಯಾಂಟು, ಲಂಗ ಮೇಲೆತ್ತಿ ಹಕ್ಕಳೆ ತೋರಿಸುತ್ತೆ. ಚರ್ಮ ಅಂದರೆ ಗೋಡೆ. ಗೋಡೆ ಬಿರುಕು ಬಿಟ್ಟಾಗ ಮೈ ತಾನೇ ಹಾಕಿಕೊಂಡ ತೇಪೆ ಈ ಹಕ್ಕಳೆ. ಕಿತ್ತರೆ ಬಾಗಿಲು ಮತ್ತೆ ತೆರೆದ ಹಾಗೆ. ಮೂಗಿನ ಸಿಂಬಳ ಹಲಸಿನ ಮೇಣದ ಹಾಗೆ, ಒಳಗೆ ನುಗ್ಗುವ ಧೂಳು, ರೋಗಾಣು ಎಲ್ಲ ಅದಕ್ಕೆ ಅಂಟಿಕೊಳ್ಳುತ್ತೆ. ಕಣ್ಣೀರಿನಲ್ಲೂ ಎಂಜಲಿನಲ್ಲೂ ಬ್ಯಾಕ್ಟೀರಿಯಾವನ್ನು ಒಡೆಯುವ ವಸ್ತು ಇದೆ. ಇದನ್ನೆಲ್ಲ ದಾಟಿ ಹೊಟ್ಟೆಗೆ ಇಳಿದರೆ ಅಲ್ಲಿ ಹುಳಿಗಿಂತ ಹುಳಿಯಾದ ಆಮ್ಲ ಕಾಯುತ್ತಿರುತ್ತೆ.

ಗಾಯದ ಸುತ್ತ ಕೆಂಪಗಾಗಿ, ಬಿಸಿಯಾಗಿ ಊದಿಕೊಳ್ಳುವುದು ಯಾಕೆ ಅಂತ ಕೇಳಿ. ಅಲ್ಲಿಗೆ ರಕ್ತ ಜಾಸ್ತಿ ಹರಿದು ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಕೀವಿನಲ್ಲಿ ಜಾಸ್ತಿ ಇರುವುದು ಆ ಕಣಗಳ ಹೆಣಗಳೇ. ಜ್ವರವೂ ಹಾಗೆ, ಬಿಸಿಯಲ್ಲಿ ಹಲವು ರೋಗಾಣುಗಳಿಗೆ ಬೆಳೆಯುವುದು ಕಷ್ಟ ಅಂತ ಮೈಯೇ ಒಲೆ ಹಚ್ಚಿಕೊಳ್ಳುತ್ತೆ. ಆದರೂ ಜ್ವರ ಬಂದರೆ ಮನೆಯಲ್ಲಿ ಹೇಳಬೇಕು, ಸುಮ್ನೆ ಇರಬಾರದು ಅಂತ ಅದೇ ಉಸಿರಿನಲ್ಲಿ ಹೇಳಿ. ನಮ್ಮ ಮಕ್ಕಳಿಗೆ ಗೊತ್ತಿರುವ ಇನ್ನೊಂದು ವಿಷಯ ಇದೆ. ಕಾಲಿಗೆ ಮುಳ್ಳು ಚುಚ್ಚಿ ಗಾಯ ಕೆಟ್ಟರೆ ತೊಡೆಸಂದಿಯಲ್ಲಿ ಗಂಟು ಬಂದು ನೋಯುತ್ತೆ. ‘ಗಾಯ ಇರೋದು ಪಾದದಲ್ಲಿ, ಗಂಟು ಯಾಕೆ ಅಲ್ಲಿ?’ ಅಂತ ಕೇಳಿ ಬಿಡಿ. ಆ ಗಂಟು ಬಿಳಿ ರಕ್ತಕಣಗಳ ಠಾಣೆ. ಕಾಲಿನಿಂದ ಬಂದ ಕಳ್ಳನನ್ನು ಅಲ್ಲೇ ಹಿಡಿದು ವಿಚಾರಿಸುತ್ತಾರೆ, ಅದಕ್ಕೇ ಠಾಣೆಯಲ್ಲಿ ಅಷ್ಟು ಗದ್ದಲ.

ಹಂತ 5: ಕಬಡ್ಡಿ

ರೋಗನಿರೋಧಕ ಶಕ್ತಿ ಅಂದರೆ ಸೈನ್ಯ, ಯುದ್ಧ ಅಂತ ನಾನೂ ಹೇಳಿಕೊಡುತ್ತಿದ್ದೆ. ಒಂದು ದಿನ ಅಜ್ಜನನ್ನು ಕಳೆದುಕೊಂಡ ಹುಡುಗಿ ಕೇಳಿದಳು, ‘ನಮ್ಮಜ್ಜನ ಸೈನ್ಯ ಹೇಡಿನಾ ಮಿಸ್?’ ಉತ್ತರ ಹೊಳೆಯಲಿಲ್ಲ. ಆಮೇಲೆ ಕಬಡ್ಡಿಗೆ ಬದಲಾಯಿಸಿದೆ. ಕಬಡ್ಡಿಯಲ್ಲಿ ಚೆನ್ನಾಗಿ ಆಡಿದ ತಂಡವೂ ಕೆಲವು ಸಲ ಸೋಲುತ್ತೆ ಅಂತ ಎಲ್ಲ ಮಕ್ಕಳಿಗೂ ಗೊತ್ತು. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟ ಹೀಗೆ. ಅಂಗಳದಲ್ಲಿ ಗೆರೆ ಎಳೆದು ಏಳು ಮಕ್ಕಳನ್ನು ನಿಲ್ಲಿಸಿ, ಇವರು ಮೈಯ ತಂಡ. ರೈಡರ್ ನೀವು. ನೆನಪಿದೆಯಲ್ಲ ನಿಯಮ, ರೋಗಾಣು ಆಗುವುದು ಮಿಸ್ ಅಥವಾ ಮೇಷ್ಟ್ರು ಮಾತ್ರ. ಹೆಗಲಿಗೆ ಒಂದು ಕೆಂಪು ಟವೆಲ್ ಹಾಕಿಕೊಳ್ಳಿ. ಒಂದು ಗುಟ್ಟಿನ ಪಟ್ಟು ಇಟ್ಟುಕೊಳ್ಳಿ, ಉದಾಹರಣೆಗೆ ಬಲಕ್ಕೆ ಹೋದ ಹಾಗೆ ಮಾಡಿ ಎಡಗಾಲು ಚಾಚುವುದು. ಮೊದಲ ರೈಡಿನಲ್ಲಿ ಇಬ್ಬರು ಮೂವರು ಔಟ್ ಆಗುತ್ತಾರೆ. ಇದೇ ಕಾಯಿಲೆ. ಎರಡನೇ ಸಲ ಅದೇ ಟವೆಲ್, ಅದೇ ಪಟ್ಟು. ಈಗ ಯಾರೋ ಒಬ್ಬಳು ‘ಎಡಗಾಲು, ಎಡಗಾಲು’ ಅಂತ ಕೂಗುತ್ತಾಳೆ, ನಿಮ್ಮ ಕಾಲು ಸಿಕ್ಕಿಬೀಳುತ್ತೆ. ಅಲ್ಲೇ ಆಟ ನಿಲ್ಲಿಸಿ ಹೇಳಿ. ಮೈಯೂ ಹೀಗೇ ನೆನಪಿಟ್ಟುಕೊಳ್ಳುತ್ತೆ. ಮೊದಲ ಸಲ ಒಂದು ರೋಗಾಣುವಿಗೆ ಸರಿಯಾದ ಪಟ್ಟು, ಅಂದರೆ ಪ್ರತಿಕಾಯ, ತಯಾರಾಗಲು ಒಂದು ವಾರ ಅಥವಾ ಜಾಸ್ತಿ ಬೇಕು. ಎರಡನೇ ಸಲ ಕೆಲವೇ ದಿನ.

ಈಗ ಟವೆಲ್ ಬದಲಾಯಿಸಿ ಹೊಸ ಪಟ್ಟಿನ ಜೊತೆ ಬನ್ನಿ. ಮತ್ತೆ ಔಟ್. ‘ದಡಾರ ಒಂದ್ಸಲ ಬಂದ್ರೆ ಸಾಮಾನ್ಯವಾಗಿ ಮತ್ತೆ ಬರಲ್ಲ, ನೆಗಡಿ ಯಾಕೆ ವರ್ಷಕ್ಕೆ ನಾಲ್ಕು ಸಲ?’ ಅನ್ನುವ ಪ್ರಶ್ನೆಗೆ ಉತ್ತರ ಇದು. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಜಾಸ್ತಿ ಇವೆ. ದಿನಾ ಹೊಸ ರೈಡರ್.

ಕೊನೆಯ ರೈಡು ಲಸಿಕೆಯದ್ದು. ಹಸಿರು ಟವೆಲ್ ಹಾಕಿಕೊಂಡು, ಕಾಲು ಎರಡನ್ನೂ ಹಗ್ಗದಿಂದ ಸಡಿಲವಾಗಿ ಕಟ್ಟಿಕೊಂಡು ಅಂಕಣಕ್ಕೆ ಕುಪ್ಪಳಿಸಿ. ಯಾರನ್ನೂ ಔಟ್ ಮಾಡಲು ಆಗುವುದಿಲ್ಲ, ಆದರೆ ನಿಮ್ಮ ಪಟ್ಟೇನು ಅಂತ ತಂಡ ನೋಡಿಕೊಳ್ಳುತ್ತೆ. ಆಮೇಲೆ ಹಗ್ಗ ಬಿಚ್ಚಿ ನಿಜವಾದ ರೈಡಿಗೆ ಬಂದರೆ ತಕ್ಷಣ ಹಿಡಿಯುತ್ತಾರೆ. (ಐವತ್ತು ದಾಟಿದ ಸಹೋದ್ಯೋಗಿಗಳು ಕುಪ್ಪಳಿಸುವುದು ಬೇಡ, ನಡೆದರೂ ಸಾಕು.)

ಹಂತ 6: ಸೂಜಿಯ ಭಯ

‘ಗಲಾಟೆ ಮಾಡಿದ್ರೆ ಇಂಜೆಕ್ಷನ್ ಹಾಕ್ಸ್ತೀನಿ’ ಅನ್ನುವ ಮಾತು ನಿಮ್ಮ ಬಾಯಲ್ಲಿದ್ದರೆ ಇವತ್ತೇ ಬಿಡಿ. ಐದಾರು ವರ್ಷಕ್ಕೆ ಡಿಪಿಟಿ ಬೂಸ್ಟರ್ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆಯ ಇನ್ನೊಂದು ಡೋಸ್), ಹತ್ತು ಮತ್ತು ಹದಿನಾರನೇ ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲುಮಾರಿಯದ್ದು) ಲಸಿಕೆ ಇದೆ. ಶಾಲೆಗೆ ನರ್ಸ್ ಅಕ್ಕ ಬರುವ ಹಿಂದಿನ ವಾರ ಈ ಪಾಠ ಇಟ್ಟುಕೊಂಡರೆ ಒಳ್ಳೇದು. ನೋಯುತ್ತಾ ಅಂತ ಕೇಳಿದರೆ ಹೌದು, ಸ್ವಲ್ಪ, ಇರುವೆ ಕಚ್ಚಿದ್ದಕ್ಕಿಂತ ಜಾಸ್ತಿ ಅನ್ನಿ. ನೋಯಲ್ಲ ಅಂತ ಸುಳ್ಳು ಹೇಳಿದರೆ ಮುಂದಿನ ಸಲ ನಿಮ್ಮನ್ನು ನಂಬುವುದಿಲ್ಲ.

ಎಡತೋಳಿನ ಮೇಲ್ಭಾಗ ನೋಡಿಕೊಳ್ಳಲು ಹೇಳಿ. ಬಹಳ ಮಕ್ಕಳಿಗೆ ಅಲ್ಲೊಂದು ಪುಟ್ಟ ಗುರುತಿರುತ್ತೆ, ಹುಟ್ಟಿದಾಗ ಹಾಕಿದ ಬಿಸಿಜಿ, ಅಂದರೆ ಕ್ಷಯದ ಲಸಿಕೆಯದ್ದು. ಗುರುತಿಲ್ಲದವರೂ ಇರುತ್ತಾರೆ, ಎಲ್ಲರಿಗೂ ಉಳಿಯುವುದಿಲ್ಲ, ಅವರು ಹೆದರದ ಹಾಗೆ ಅಲ್ಲೇ ಹೇಳಿಬಿಡಿ. ಮನೆಗೆಲಸ: ಅಜ್ಜಿ ತಾತನ ತೋಳು ನೋಡಿ ಬನ್ನಿ. ಅವರದ್ದು ದೊಡ್ಡ ಗುರುತು, ಸಿಡುಬಿನ ಲಸಿಕೆಯದ್ದು, ಹಳಬರು ದಾಕು ಹಾಕಿಸುವುದು ಅನ್ನುತ್ತಿದ್ದರಲ್ಲ, ಅದು. ನಿಮಗ್ಯಾಕೆ ಅದನ್ನು ಹಾಕಲಿಲ್ಲ ಅಂತ ಕೇಳಿ. ಸಿಡುಬೇ ಇಲ್ಲ ಈಗ. ಭಾರತದಲ್ಲಿ ಕೊನೆಯ ಪ್ರಕರಣ 1975ರಲ್ಲಿ, ಇಡೀ ಪ್ರಪಂಚದಿಂದ ಹೋಯಿತು ಅಂತ ಘೋಷಿಸಿದ್ದು 1980ರಲ್ಲಿ. ಕಿರುಬೆರಳಿಗೆ ಶಾಯಿ ಹಾಕಿಸಿಕೊಂಡು ಕುಡಿದ ಎರಡು ಹನಿ ಪೋಲಿಯೋ ಲಸಿಕೆಯೂ ಅಷ್ಟೇ ಕೆಲಸ ಮಾಡಿದೆ. ನಮ್ಮ ದೇಶದಲ್ಲಿ ಸಹಜವಾಗಿ ಹರಡುವ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯದ್ದು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು.

ಕಥೆ ಬೇಕೆನ್ನುವವರಿಗೆ ಎರಡು ಕಥೆ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಾಲು ಕರೆಯುವ ಹುಡುಗಿಯ ಕೈಯ ಗುಳ್ಳೆಯಿಂದ ಗೋಸಿಡುಬಿನ (ಹಸುಗಳಿಗೆ ಬರುವ ಸಿಡುಬಿನಂಥ ಕಾಯಿಲೆ) ರಸ ತೆಗೆದು ಎಂಟು ವರ್ಷದ ಜೇಮ್ಸ್ ಫಿಪ್ಸ್ ಅನ್ನುವ ಹುಡುಗನಿಗೆ ಸಿಡುಬು ಬರದಿರಲಿ ಅಂತ ಹಾಕಿದ. ವ್ಯಾಕ್ಸಿನ್ ಅನ್ನುವ ಹೆಸರೇ ಲ್ಯಾಟಿನ್‌ನಲ್ಲಿ ಹಸು ಅನ್ನುವ ಪದದಿಂದ ಬಂದಿದ್ದು. ಮನೆಯಲ್ಲಿ ಹಸು ಇರುವ ಮಕ್ಕಳು ಇದನ್ನು ಮರೆಯುವುದೇ ಇಲ್ಲ. ಇನ್ನೊಂದು ನಮ್ಮ ಮೈಸೂರಿನದ್ದು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಒಂದು ಚಿತ್ರದಲ್ಲಿ ಒಡೆಯರ ಮನೆತನದ ಮೂವರು ಹೆಂಗಸರಿದ್ದಾರೆ. ಅದರಲ್ಲಿ ಒಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನರಿಗೆ ತೋರಿಸಲೆಂದೇ ಹಾಗೆ ನಿಂತಿರಬೇಕು ಅಂತ ಇತಿಹಾಸಕಾರರು ಓದಿದ್ದಾರೆ. ಚಿತ್ರ ಮೊಬೈಲಿನಲ್ಲಿ ಸಿಗುತ್ತೆ, ತೋರಿಸಿ.

ಹಂತ 7: ಅಂಟುತ್ತೆ, ಅಂಟಲ್ಲ

ಒಂದೇ ದಿನ ಸಮಯ ಇದೆ ಅಂದರೂ ಇದನ್ನು ಮಾತ್ರ ಬಿಡಬೇಡಿ. ಚೀಟಿಗಳ ಮೇಲೆ ಕಾಯಿಲೆಗಳ ಹೆಸರು ಬರೆದು ಎರಡು ಡಬ್ಬಿಗೆ ಹಾಕಿಸಿ. ನೆಗಡಿ, ಮದ್ರಾಸ್ ಐ, ಕಜ್ಜಿ, ಹೇನು, ಮಂಗನಬಾವು ಒಂದು ಕಡೆ. ಮೂರ್ಛೆ, ತೊನ್ನು, ಉಬ್ಬಸ, ಸಕ್ಕರೆ ಕಾಯಿಲೆ, ಮೂಳೆ ಮುರಿತ, ಕ್ಯಾನ್ಸರ್ ಇನ್ನೊಂದು ಕಡೆ. ತೊನ್ನನ್ನು ಬಹುತೇಕ ಮಕ್ಕಳು ಅಂಟುವ ಡಬ್ಬಿಗೇ ಹಾಕುತ್ತಾರೆ, ಮನೆಯಲ್ಲಿ ಕೇಳಿದ್ದು ಅದು. ದೊಡ್ಡ ಮಕ್ಕಳಿಗೆ ಎಚ್‌ಐವಿ ಚೀಟಿಯನ್ನೂ ಕೊಡಿ. ಅದು ಅಂಟುವ ಕಾಯಿಲೆಯೇ, ಆದರೆ ಜೊತೆಗೆ ಕೂತು ಉಂಡರೆ, ಕೈ ಹಿಡಿದರೆ, ಆಟ ಆಡಿದರೆ ಬರುವುದಿಲ್ಲ. ಆ ಚೀಟಿ ಯಾವ ಡಬ್ಬಿಗೆ ಅಂತ ಜಗಳ ಆಗಲಿ, ಸ್ವಲ್ಪ ಹೊತ್ತು ಬಿಡಿ.

ಆಮೇಲೆ ಮೊದಲ ಡಬ್ಬಿಯ ಒಂದೊಂದು ಚೀಟಿ ತೆಗೆದು ಕೇಳಿ: ಇದು ಬಂದವರಿಗೆ ನಾವೇನು ಮಾಡಬೇಕು? ನೋಟ್ಸ್ ಬರೆದುಕೊಡುತ್ತೇನೆ, ರಜೆ ಮುಗಿದು ಬಂದಾಗ ಪಕ್ಕ ಕೂರುತ್ತೇನೆ ಅನ್ನುವ ಉತ್ತರಗಳು ತಾವಾಗೇ ಬರುತ್ತವೆ. ಬರದಿದ್ದರೆ ನೀವೇ ಒಂದು ಹೇಳಿ ಕೊಡಿ.

ಕೊನೆಯ ದಿನ

ಮೊದಲ ದಿನದ ಪ್ರಶ್ನೆಯನ್ನೇ ಮತ್ತೆ ಕೇಳಿ, ಹಳೇ ಹಾಳೆಯ ಪಕ್ಕ ಹೊಸ ಉತ್ತರ ಬರೆಯಿರಿ. ನಮ್ಮಲ್ಲಿ ‘ದೃಷ್ಟಿ ಆಯ್ತು’ ಇನ್ನೂ ಇತ್ತು. ಇರಲಿ. ‘ಅಜ್ಜಿ ಮಾತು ಕೇಳಲಿಲ್ಲ’ ಇರಲಿಲ್ಲ.

ಪರೀಕ್ಷೆ ನಾನು ಇಡುವುದಿಲ್ಲ, ಸೋಪು ನೋಡುತ್ತೇನೆ. ನಲ್ಲಿಯ ಹತ್ತಿರ ಇಟ್ಟ ಸೋಪು ಎರಡೇ ದಿನಕ್ಕೆ ಮಾಯ ಆಗುತ್ತೆ, ಅದು ಎಲ್ಲ ಶಾಲೆಯ ಕಥೆ. ಅದಕ್ಕೇ ಸೋಪಿನ ಚೂರುಗಳನ್ನು ನೀರಿನಲ್ಲಿ ನೆನೆಸಿ ಒಂದು ಲೀಟರ್ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ತೂತು ಮಾಡಿ, ದಾರ ಕಟ್ಟಿ ನಲ್ಲಿಗೆ ನೇತುಹಾಕುತ್ತೇವೆ. ಸೋಮವಾರ ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದರೆ ಶನಿವಾರಕ್ಕೆ ಎಷ್ಟು ಇಳಿದಿದೆ ಅಂತ ಗೊತ್ತಾಗುತ್ತೆ. ಇಳಿಯದಿದ್ದರೆ ಹಂತ 3ನ್ನು ಇನ್ನೊಂದು ಸಲ ಮಾಡಿ. ತೂತು ಮಾತ್ರ ಸೂಜಿಯಷ್ಟಿರಲಿ, ದೊಡ್ಡದಾದರೆ ಬಾಟಲಿ ಹೋಳಿಯ ಪಿಚಕಾರಿ ಆಗಿಬಿಡುತ್ತೆ.